ಮೊದಲ ಗೇಮಿಂಗ್ ಪಿಸಿ: ಪರದೆಯಿಂದ ಹಿಂದಕ್ಕೆ ಬಂದು ಬಿಡಿಭಾಗ ಆರಿಸುವುದು ಹೇಗೆ

ಮೊದಲ ಸಲ ಪಿಸಿ ಕಟ್ಟಲು ಹೊರಟವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ: "ಯಾವ ಪ್ರೊಸೆಸರ್ ತಗೊಳ್ಳಲಿ?" ನಾನು ಅದಕ್ಕೆ ಉತ್ತರ ಕೊಡುವುದಿಲ್ಲ. "ಮಾನಿಟರ್ ಯಾವುದು?" ಎಂದು ತಿರುಗಿ ಕೇಳುತ್ತೇನೆ. ಕೇಳಿದವರಿಗೆ ಸ್ವಲ್ಪ ಸಿಟ್ಟು ಬರುತ್ತದೆ, ಬರಲಿ. ಡಬ್ಬದೊಳಗೆ ಇರುವುದೆಲ್ಲ ಕೊನೆಗೆ ಆ ಪರದೆಗೆ ಚಿತ್ರ ಕಳಿಸುವುದಕ್ಕೇ ಅಲ್ವಾ? ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಬಂದರೆ ಒಂದು ಆಯ್ಕೆ ಇನ್ನೊಂದಕ್ಕೆ ದಾರಿ ತೋರಿಸುತ್ತದೆ.

ನನ್ನ ಮೊದಲ ಪಿಸಿಯಲ್ಲಿ ನಾನು ಹಾಗೆ ಮಾಡಲಿಲ್ಲ. ಒಂದೊಂದು ಭಾಗಕ್ಕೂ ರಾತ್ರಿಯೆಲ್ಲ ಕೂತು ವಿಮರ್ಶೆ ಓದಿದೆ, ಎಲ್ಲದರಲ್ಲೂ ಒಳ್ಳೆಯದನ್ನೇ ಆರಿಸಿದೆ. ಎಲ್ಲವೂ ಬಂತು, ಎಲ್ಲವೂ ಕೂತಿತು, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಮಾತ್ರ ಮುಚ್ಚಲಿಲ್ಲ. ಪ್ರೊಸೆಸರ್ ತಂಪಾಗಿಡುವ ಕೂಲರ್‌ನ ಎತ್ತರ 165 ಮಿ.ಮೀ. ಕ್ಯಾಬಿನೆಟ್‌ನಲ್ಲಿ ಜಾಗ ಇದ್ದದ್ದು 160. ಐದೇ ಐದು ಮಿಲಿಮೀಟರ್! ಎರಡೂ ಅಳತೆ ತಯಾರಕರ ಪುಟದಲ್ಲಿ ಇತ್ತು. ಅಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಇರಲಿಲ್ಲ. ಬಾಗಿಲು ತೆಗೆದಿಟ್ಟುಕೊಂಡೇ ತಿಂಗಳುಗಟ್ಟಲೆ ಆಡಿದೆ. ಒಂದೊಂದೇ ನೋಡಿದರೆ ಎಲ್ಲ ಭಾಗವೂ ಒಳ್ಳೆಯದೇ. ಒಂದರ ಪಕ್ಕ ಇನ್ನೊಂದು ಹೊಂದುತ್ತದಾ ಅನ್ನುವುದೇ ನಿಜವಾದ ಕೆಲಸ.

ಮೊದಲು ಹಾಳೆ, ಆಮೇಲೆ ಕಾರ್ಟ್

ಒಂದು ಹಾಳೆ ತಗೊಂಡು ಮೂರು ವಿಷಯ ಬರೆದುಕೊಳ್ಳಿ. ನೀವು ನಿಜವಾಗಿ ಆಡುವ ಆಟಗಳು, ಈಗಾಗಲೇ ಇರುವ ಅಥವಾ ಕೊಳ್ಳಬೇಕಾದ ಮಾನಿಟರ್, ಒಟ್ಟು ದುಡ್ಡು.

"ನಿಜವಾಗಿ" ಅನ್ನುವ ಪದಕ್ಕೆ ಅಡಿಗೆರೆ ಹಾಕಿ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ತರಹದ ಆಟ ಆಡುವವರಿಗೆ ಸೆಕೆಂಡಿಗೆ ಬರುವ ಫ್ರೇಮ್‌ಗಳ, ಅಂದರೆ ಚಿತ್ರಗಳ, ಸಂಖ್ಯೆ ಮುಖ್ಯ. ಅಲ್ಲಿ ಪ್ರೊಸೆಸರ್‌ಗೆ ಕೆಲಸ ಜಾಸ್ತಿ. ಸೈಬರ್‌ಪಂಕ್ 2077 ತರಹದ್ದು ಆಡುವವರಿಗೆ ಬೆಳಕು, ನೆರಳು, ವಿವರ ಬೇಕು. ಅಲ್ಲಿ ಹೊರೆಯೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ. ಊರು ಕಟ್ಟುವ ಆಟ, ವಿಮಾನ ಹಾರಿಸುವ ಸಿಮ್ಯುಲೇಟರ್ ಆಡುವವರಾದರೆ ಪ್ರೊಸೆಸರ್ ಮತ್ತೆ ಮುಂದೆ ಬರುತ್ತದೆ.

ದುಡ್ಡಿನ ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಡಬ್ಬದ ಹೊರಗಿನದ್ದನ್ನು: ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಸೆಟ್, ವಿಂಡೋಸ್ ಲೈಸೆನ್ಸ್. ಮೊದಲು ಇವನ್ನು ಕಳೆಯಿರಿ. ಉಳಿದದ್ದರಲ್ಲಿ ನೂರಕ್ಕೆ ಸುಮಾರು 35ರಿಂದ 40 ಭಾಗ ಗ್ರಾಫಿಕ್ಸ್ ಕಾರ್ಡ್‌ಗೆ ಎತ್ತಿಡಿ. ಇದು ಶಾಸ್ತ್ರವೇನಲ್ಲ, ನನ್ನ ಕೈಯಳತೆ. ಆದರೆ ಪ್ರೊಸೆಸರ್‌ಗೆ ಗ್ರಾಫಿಕ್ಸ್ ಕಾರ್ಡ್‌ಗಿಂತ ಜಾಸ್ತಿ ಹೋಗುತ್ತಿದ್ದರೆ ಅಲ್ಲಿ ನಿಂತು ಇನ್ನೊಮ್ಮೆ ಯೋಚಿಸಿ.

1. ಪರದೆ

1080ಪಿ ಅಂದರೆ 1920×1080, ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿ ಅಂದರೆ 2560×1440, ಸುಮಾರು 36.9 ಲಕ್ಷ. 4ಕೆ ಅಂದರೆ 3840×2160, ಸುಮಾರು 82.9 ಲಕ್ಷ. ಅಂದರೆ 4ಕೆ ಪರದೆಗೆ ಕಾರ್ಡ್ 1080ಪಿಯ ನಾಲ್ಕು ಪಟ್ಟು ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು, ಅದೂ ಪ್ರತಿ ಫ್ರೇಮ್‌ಗೆ.

ಇನ್ನೊಂದು ಸಂಖ್ಯೆ ಹರ್ಟ್ಸ್. 60 ಹರ್ಟ್ಸ್ ಪರದೆ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಚಿತ್ರ ಬದಲಿಸುತ್ತದೆ, 144 ಹರ್ಟ್ಸ್ ಪರದೆ ಪ್ರತಿ 6.9 ಮಿಲಿಸೆಕೆಂಡಿಗೆ. ಪರದೆಗೆ ತಕ್ಕಂತೆ ಓಡಬೇಕಾದರೆ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಆ ಸಮಯದೊಳಗೆ ತಮ್ಮ ಕೆಲಸ ಮುಗಿಸಬೇಕು. 60ರಿಂದ 144ಕ್ಕೆ ಹೋದಾಗ ಮೌಸ್ ಅಲ್ಲಾಡಿಸಿದ ಮೊದಲ ಕ್ಷಣದಲ್ಲೇ ಗೊತ್ತಾಗುತ್ತದೆ. 144ರಿಂದ 240ಕ್ಕೆ ಹೋದಾಗ ಅಷ್ಟೊಂದು ಗೊತ್ತಾಗುವುದಿಲ್ಲ, ನನಗಂತೂ ಇಲ್ಲ.

ಅಳತೆಯಲ್ಲಿ ನನ್ನ ಮಾತು ಇಷ್ಟೆ: 24 ಇಂಚಿಗೆ 1080ಪಿ, 27 ಇಂಚಿಗೆ 1440ಪಿ. 27 ಇಂಚಿನಲ್ಲಿ 1080ಪಿ ತಗೊಂಡರೆ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. ಮೊದಲ ಪಿಸಿಗೆ 4ಕೆ ಬೇಡ ಅನ್ನುತ್ತೇನೆ. ಇಡೀ ಬಜೆಟ್ ಕಾರ್ಡ್ ನುಂಗಿಬಿಡುತ್ತದೆ. ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಹಲಗೆ, ಐಪಿಎಸ್ ಬಗೆಯದ್ದಾದರೆ ಕಣ್ಣುಮುಚ್ಚಿ ತಗೊಳ್ಳಬಹುದು. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿರುತ್ತದೆ, ಆದರೆ ಕತ್ತಲ ದೃಶ್ಯ ಬೇಗ ಚಲಿಸಿದಾಗ ಕೆಲವದರಲ್ಲಿ ಮಸಿ ಎಳೆದ ಹಾಗೆ ಕಾಣುತ್ತದೆ. ಫ್ರೀಸಿಂಕ್ ಅಥವಾ ಜಿ-ಸಿಂಕ್ ಹೊಂದಿಕೆ ಇರಲೇಬೇಕು. ಕಾರ್ಡ್ ಫ್ರೇಮ್ ಕೊಟ್ಟಾಗ ಪರದೆ ಬದಲಾಗುವ ಹಾಗೆ ಮಾಡಿ, ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುವುದನ್ನು ಅದು ತಪ್ಪಿಸುತ್ತದೆ.

ಮನೆಯಲ್ಲಿ ಹಳೆಯ 60 ಹರ್ಟ್ಸ್ 1080ಪಿ ಮಾನಿಟರ್ ಇದೆ, ಸದ್ಯಕ್ಕೆ ಬದಲಿಸುವುದಿಲ್ಲ ಅನ್ನುವವರು ದೊಡ್ಡ ಕಾರ್ಡ್ ತಗೊಂಡು ಸುಮ್ನೆ ದುಡ್ಡು ಕಟ್ಟಿಹಾಕಬೇಡಿ. ಕಾರ್ಡ್ 150 ಫ್ರೇಮ್ ಕೊಟ್ಟರೂ ನಿಮಗೆ ಕಾಣುವುದು 60.

2. ಗ್ರಾಫಿಕ್ಸ್ ಕಾರ್ಡ್

ಇಲ್ಲಿ ನಿಧಾನ ಮಾಡಿ. ಅತಿ ಹೆಚ್ಚು ದುಡ್ಡು ಹೋಗುವುದು ಇಲ್ಲಿ, ಅತಿ ಹೆಚ್ಚು ಮೋಸಹೋಗುವುದೂ ಇಲ್ಲಿ.

ಚಿಪ್ ಮಾಡುವವರು ಮೂವರು: ಎನ್ವಿಡಿಯಾ, ಎಎಂಡಿ, ಇಂಟೆಲ್. ಅದೇ ಚಿಪ್‌ಗೆ ಫ್ಯಾನ್, ಹೀಟ್‌ಸಿಂಕ್ ಕೂಡಿಸಿ ಮಾರುವವರು ಹತ್ತಾರು ಮಂದಿ. ಹೆಸರು ಓದುವ ಬಗೆ ಸರಳ. ಎನ್ವಿಡಿಯಾದ ಆರ್‌ಟಿಎಕ್ಸ್ 4060ರಲ್ಲಿ 40 ಪೀಳಿಗೆ, 60 ದರ್ಜೆ. ಹೊಸ ಪೀಳಿಗೆಯ ಕೆಳದರ್ಜೆ ಹಳೆಯ ಪೀಳಿಗೆಯ ಮೇಲ್ದರ್ಜೆಯನ್ನು ಮೀರಿಸುತ್ತದೆ ಎಂದು ನಂಬಬೇಡಿ. ಕೆಲವೊಮ್ಮೆ ಮೀರಿಸುತ್ತದೆ, ಎಷ್ಟೋ ಸಲ ಇಲ್ಲ.

ಅದಕ್ಕಿಂತ ದೊಡ್ಡ ಗುಂಡಿ ಒಂದೇ ಹೆಸರಿನ ಎರಡು ಕಾರ್ಡ್‌ಗಳು. ಆರ್‌ಟಿಎಕ್ಸ್ 3060 ಮೊದಲು 12 ಜಿಬಿ ಮೆಮೊರಿಯೊಂದಿಗೆ ಬಂತು, ಆಮೇಲೆ ಅದೇ ಹೆಸರಲ್ಲಿ 8 ಜಿಬಿಯದ್ದೂ ಬಂತು. ಎರಡನೆಯದರಲ್ಲಿ ಮೆಮೊರಿ ಕಡಿಮೆ ಇದ್ದದ್ದಷ್ಟೇ ಅಲ್ಲ, ಮೆಮೊರಿಯ ದಾರಿಯೂ 192 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಗಿತ್ತು. ಆರ್‌ಟಿಎಕ್ಸ್ 4060 ಟಿಐ ಕೂಡ 8 ಮತ್ತು 16 ಜಿಬಿ ಎರಡರಲ್ಲೂ ಬಂತು. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರ ಓದಿ ನಿಲ್ಲಿಸದೆ ಮೂಲೆಯ ಸಣ್ಣ ಅಕ್ಷರವನ್ನೂ ಓದಿ.

ಈ ಮೆಮೊರಿ ಸಾಲದೇ ಹೋದರೆ ಏನಾಗುತ್ತದೆ ಗೊತ್ತಾ? ಆಟ ನಿಲ್ಲುವುದಿಲ್ಲ. ಕಾರ್ಡ್‌ನ ಮೆಮೊರಿಯಲ್ಲಿ ಹಿಡಿಯದ ಚಿತ್ರಗಳು ಕಂಪ್ಯೂಟರ್‌ನ ರ‍್ಯಾಮ್‌ಗೆ ಹೋಗಿ ಕೂರುತ್ತವೆ. ಬೇಕಾದಾಗಲೆಲ್ಲ ಮದರ್‌ಬೋರ್ಡ್ ದಾಟಿ ಬರಬೇಕು. ನೇರ ನಡೆಯುತ್ತಿದ್ದಾಗ ಎಲ್ಲ ಸರಿ ಇರುತ್ತದೆ. ಮೂಲೆ ತಿರುಗಿದಿರಿ, ಹೊಸ ಬೀದಿ ಕಂಡಿತು, ಅರೆಕ್ಷಣ ಪರದೆ ಗಕ್ಕನೆ ನಿಂತಿತು. ಮುಂದಿನ ಮೂಲೆಯಲ್ಲಿ ಮತ್ತೆ ಅದೇ. ಇಲ್ಲವೇ ಗೋಡೆ, ಮುಖಗಳೆಲ್ಲ ಮೇಣ ಕರಗಿದ ಹಾಗೆ ಮಸುಕಾಗುತ್ತವೆ. ಸರಾಸರಿ ಫ್ರೇಮ್ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ವಿಮರ್ಶೆ ಓದುವಾಗ ಸರಾಸರಿಯ ಪಕ್ಕ "1% ಲೋ" ಎಂಬ ಸಂಖ್ಯೆ ನೋಡಿ. ಅತಿ ನಿಧಾನವಾದ ಫ್ರೇಮ್‌ಗಳ ಕತೆ ಹೇಳುವುದು ಅದು. ಸರಾಸರಿ 90 ಇದ್ದು 1% ಲೋ 30 ಇರುವ ಕಾರ್ಡ್‌ಗಿಂತ, ಸರಾಸರಿ 80 ಇದ್ದು 1% ಲೋ 62 ಇರುವುದನ್ನು ನಾನು ತಗೊಳ್ಳುತ್ತೇನೆ.

ಹೊಸ ದೊಡ್ಡ ಆಟಗಳಿಗೆ 1080ಪಿಯಲ್ಲೂ 8 ಜಿಬಿ ಈಗ ಇಕ್ಕಟ್ಟು. ಬರೀ ಕೌಂಟರ್-ಸ್ಟ್ರೈಕ್ ಆಡುವವರಿಗೆ ಸಾಕು. ಉಳಿದವರು 12 ಅಥವಾ 16ರ ಕಡೆ ನೋಡಿ. 1440ಪಿ ಅಂದರೆ 12ಕ್ಕಿಂತ ಕೆಳಗೆ ಇಳಿಯಬೇಡಿ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಇವು ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಆಮೇಲೆ ದೊಡ್ಡದು ಮಾಡುವ ಉಪಾಯಗಳು. 1440ಪಿಯಲ್ಲಿ "ಕ್ವಾಲಿಟಿ" ಮೋಡ್ ಹಾಕಿದರೆ ಕಾರ್ಡ್ ನಿಜಕ್ಕೂ ಬಿಡಿಸುವುದು ಸುಮಾರು 960ಪಿಯಲ್ಲಿ. ಚೆನ್ನಾಗಿಯೇ ಕಾಣುತ್ತದೆ, ಬಳಸಿ. ಆದರೆ "ಫ್ರೇಮ್ ಜನರೇಷನ್" ಬೇರೆ ವಿಷಯ. ಎರಡು ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡ್ ಒಂದನ್ನೋ ಹೆಚ್ಚನ್ನೋ ಊಹಿಸಿ ತುರುಕುತ್ತದೆ. ನೋಡಲು ನುಣುಪಾಗುತ್ತದೆ, ಗುಂಡಿ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ. ಜಾಹೀರಾತಿನ ಪಟ್ಟಿಯಲ್ಲಿ "ಎರಡು ಪಟ್ಟು ವೇಗ" ಅಂತ ಕಂಡರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇದರ ಹೆಸರಿದೆಯಾ ಹುಡುಕಿ. ಇದ್ದರೆ ಆ ಪಟ್ಟಿಯನ್ನು ಪಕ್ಕಕ್ಕಿಡಿ.

ಒಂದೇ ಚಿಪ್‌ನ ಮಾದರಿಗಳಲ್ಲಿ ಮೂರು ಫ್ಯಾನ್‌ನ ದುಬಾರಿಯದ್ದಕ್ಕೂ ಎರಡು ಫ್ಯಾನ್‌ನ ಅಗ್ಗದ್ದಕ್ಕೂ ವೇಗದಲ್ಲಿ ವ್ಯತ್ಯಾಸ ಕೂದಲೆಳೆ. ಸದ್ದು ಮತ್ತು ಶಾಖ ಕಡಿಮೆ ಇರಬಹುದು. ಆ ಹೆಚ್ಚುವರಿ ದುಡ್ಡಿಗೆ ಒಂದು ದರ್ಜೆ ಮೇಲಿನ ಚಿಪ್‌ನ ಅಗ್ಗದ ಮಾದರಿ ಸಿಗುತ್ತದಾದರೆ ಅದನ್ನೇ ತಗೊಳ್ಳಿ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ತಗೊಳ್ಳಬಹುದಾ? ಕಣ್ಣೆದುರು ಒಂದು ಭಾರಿ ಆಟವನ್ನು ಅರ್ಧ ಗಂಟೆ ಓಡಿಸಿ ತೋರಿಸುತ್ತಾರಾದರೆ ತಗೊಳ್ಳಬಹುದು. ಫ್ಯಾನ್ ಕಿರುಗುಡುತ್ತದಾ, ಪರದೆಯಲ್ಲಿ ಬಣ್ಣದ ಚೌಕಗಳು ಬರುತ್ತವಾ ನೋಡಿ. ಬರೀ ಫೋಟೊ ನೋಡಿ ಬೇಡ.

3. ಪ್ರೊಸೆಸರ್

ಈಗ ಆ ಮೊದಲ ಪ್ರಶ್ನೆಗೆ ಬರೋಣ. ಪಿಕ್ಸೆಲ್ ಎಷ್ಟಿದ್ದರೂ ಪ್ರೊಸೆಸರ್‌ಗೆ ಹೆಚ್ಚುಕಡಿಮೆ ಅಷ್ಟೇ ಕೆಲಸ. ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿಗೆ ಹೋಯಿತು, ಈ ಫ್ರೇಮ್‌ನಲ್ಲಿ ಏನೇನು ಬಿಡಿಸಬೇಕು ಎಂದು ಕಾರ್ಡ್‌ಗೆ ಹೇಳುವುದು ಅದರ ಪಾಲು. ಹಾಗಾಗಿ ಪರದೆಯ ಹರ್ಟ್ಸ್ ಪ್ರೊಸೆಸರನ್ನು ತೀರ್ಮಾನಿಸುತ್ತದೆ, ಪರದೆಯ ಪಿಕ್ಸೆಲ್ ಕಾರ್ಡನ್ನು ತೀರ್ಮಾನಿಸುತ್ತದೆ. ಇದೊಂದು ನೆನಪಿದ್ದರೆ "ಬಾಟಲ್‌ನೆಕ್ ಕ್ಯಾಲ್ಕ್ಯುಲೇಟರ್" ಎಂದು, ಯಾವ ಭಾಗ ಯಾವುದನ್ನು ಹಿಂದಕ್ಕೆಳೆಯುತ್ತದೆ ಅಂತ ಲೆಕ್ಕ ಹೇಳುವ ಪುಟಗಳ ಕಡೆ ತಿರುಗಿಯೂ ನೋಡಬೇಕಿಲ್ಲ. ಅವುಗಳಲ್ಲಿ ಎಷ್ಟೋ ಆಟ ಯಾವುದು ಅಂತಲೇ ಕೇಳದೆ ಶೇಕಡಾವಾರು ಹೇಳುತ್ತವೆ.

ಈಗಿನ ಪೀಳಿಗೆಯ 6 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ) ಸಾಕು. ಎಎಂಡಿಯ ರೈಜೆನ್ 5, ಇಂಟೆಲ್‌ನ ಕೋರ್ ಐ5 ಅಥವಾ ಕೋರ್ ಅಲ್ಟ್ರಾ 5 ದರ್ಜೆ. ಹಳೆಯ ಐ7 ಹೊಸ ಐ5ಗಿಂತ ಒಳ್ಳೆಯದು ಅನ್ನುವುದು ಹಳೆಯ ಭ್ರಮೆ. ದುಡ್ಡು ಉಳಿದಿದ್ದು, ಹರ್ಟ್ಸ್ ಜಾಸ್ತಿ ಬೇಕಾದರೆ ಎಎಂಡಿಯ ಎಕ್ಸ್3ಡಿ ಮಾದರಿಗಳನ್ನು ನೋಡಿ. ಪ್ರೊಸೆಸರ್‌ಗೆ ಇನ್ನೊಂದು ಪದರ ಕ್ಯಾಶ್, ಅಂದರೆ ಅದರ ಪಕ್ಕದಲ್ಲೇ ಇರುವ ವೇಗದ ಮೆಮೊರಿ, ಸೇರಿಸುವ ಉಪಾಯ ಅದು. 2022ರ 5800ಎಕ್ಸ್3ಡಿಯಲ್ಲಿ 32 ಎಂಬಿ ಇದ್ದ ಎಲ್3 ಕ್ಯಾಶ್ 96 ಎಂಬಿ ಆಯಿತು. ಆಟಗಳು ಪದೇಪದೇ ಕೇಳುವ ಮಾಹಿತಿ ಕೈಗೆಟುಕುವಲ್ಲೇ ಸಿಕ್ಕಿದ್ದರಿಂದ ಪ್ರೊಸೆಸರ್ ಓಡುವ ವೇಗ (ಕ್ಲಾಕ್ ಸ್ಪೀಡ್) ಕಡಿಮೆ ಇದ್ದರೂ ಫ್ರೇಮ್ ಏರಿತು. 7800ಎಕ್ಸ್3ಡಿ, 9800ಎಕ್ಸ್3ಡಿ ಅದೇ ದಾರಿಯವು.

ಹೆಸರಿನ ಕೊನೆಯ ಅಕ್ಷರ ಗಮನಿಸಿ. ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕೆ ಇದ್ದರೆ ಓವರ್‌ಕ್ಲಾಕ್ ಮಾಡಬಹುದು, ಅಂದರೆ ನಿಗದಿತ ವೇಗ ಮೀರಿ ಓಡಿಸಬಹುದು. ಒಳಗಿನ ಗ್ರಾಫಿಕ್ಸ್ ಆಟಕ್ಕೆ ಬೇಕಿಲ್ಲ ನಿಜ. ಆದರೆ ಮುಂದೊಂದು ದಿನ ಕಾರ್ಡ್ ಕೆಟ್ಟರೆ ಪರದೆಯಲ್ಲಿ ಏನಾದರೂ ಕಾಣಬೇಕಲ್ಲ? ವ್ಯತ್ಯಾಸ ಸ್ವಲ್ಪವೇ ಇದ್ದರೆ ನಾನು ಎಫ್ ಇಲ್ಲದ್ದನ್ನು ತಗೊಳ್ಳುತ್ತೇನೆ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಮಿತಿಮೀರಿ ಚಿಪ್ ಹಾಳಾಗುವ ತೊಂದರೆ 2024ರಲ್ಲಿ ಬಯಲಾಯಿತು. ಕಂಪನಿ ಅದಕ್ಕೆ ಮೈಕ್ರೋಕೋಡ್ (ಚಿಪ್‌ನ ಒಳ ತಂತ್ರಾಂಶ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಹೊಸದು ತಗೊಂಡರೆ ಮೊದಲ ಕೆಲಸ ಬಯಾಸ್ (ಪಿಸಿಯನ್ನು ಶುರು ಮಾಡುವ, ಮದರ್‌ಬೋರ್ಡ್ ಒಳಗಿನ ತಂತ್ರಾಂಶ) ಅಪ್‌ಡೇಟ್. ಈ ಪೀಳಿಗೆಯ ಸೆಕೆಂಡ್‌ಹ್ಯಾಂಡ್ ಐ7, ಐ9 ಮಾತ್ರ ಮುಟ್ಟಬೇಡಿ.

4. ಮದರ್‌ಬೋರ್ಡ್

ಪ್ರೊಸೆಸರ್ ತೀರ್ಮಾನವಾದ ಕೂಡಲೇ ಅದು ಕೂರುವ ಸಾಕೆಟ್ ತೀರ್ಮಾನವಾಯಿತು. ಎಎಂಡಿಯ ಎಎಂ4 ಸಾಕೆಟ್ ಅಂದರೆ ಡಿಡಿಆರ್4 ಬಗೆಯ ರ‍್ಯಾಮ್. 2022ರಲ್ಲಿ ಬಂದ ಎಎಂ5 ಅಂದರೆ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ 1700ರಲ್ಲಿ ಬೋರ್ಡ್ ನೋಡಿ ಹೇಳಬೇಕು, ಕೆಲವು ಡಿಡಿಆರ್4, ಕೆಲವು ಡಿಡಿಆರ್5. ಎಲ್‌ಜಿಎ 1851 ಡಿಡಿಆರ್5 ಮಾತ್ರ. ಎರಡೂ ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒತ್ತಿದರೂ ಕೂರುವುದಿಲ್ಲ.

ಸಾಕೆಟ್ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೂ ಬೆಲೆ ಇದೆ. 2017ರಲ್ಲಿ ಮೊದಲ ರೈಜೆನ್‌ಗೆಂದು ತಗೊಂಡ ಎಷ್ಟೋ ಎಎಂ4 ಬೋರ್ಡ್‌ಗಳಲ್ಲಿ ಬಯಾಸ್ ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಕೂರಿಸಿದವರಿದ್ದಾರೆ. ಈಗ ಹೊಸದಾಗಿ ಕಟ್ಟುವವರಿಗೆ ನಾನು ಎಎಂ5 ಕಡೆ ಕೈ ತೋರಿಸಲು ಇದೇ ಕಾರಣ.

ಬೋರ್ಡ್‌ನ ದರ್ಜೆ ಹೇಳುವ ಚಿಪ್‌ಸೆಟ್‌ನಲ್ಲಿ "ಬಿ" ಸಾಲು ಸಾಕು, ಬಿ650, ಬಿ760 ಹೀಗೆ. ಇಂಟೆಲ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಬೇಕಾದರೆ ಮಾತ್ರ "ಝಡ್" ಬೇಕು. ಬೋರ್ಡ್‌ನಲ್ಲಿ ನಾನು ಹುಡುಕುವುದು ಹೊಳೆಯುವ ದೀಪವನ್ನಲ್ಲ. ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಜಾಗ, ಸಾಕಷ್ಟು ಯುಎಸ್‌ಬಿ, ಬೇಕಿದ್ದರೆ ವೈಫೈ, ಹಿಂದೆ ಒಂದು ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ. ಈ ಗುಂಡಿಯ ಬೆಲೆ ತಿಳಿಯುವುದು ಕಷ್ಟ ಬಂದಾಗ. ಬೋರ್ಡ್ ಗೋದಾಮಿನಲ್ಲಿ ಕೂತಿದ್ದಾಗ ಹೊಸ ಪ್ರೊಸೆಸರ್ ಬಂದಿದ್ದರೆ, ಹಳೆಯ ಬಯಾಸ್‌ಗೆ ಅದರ ಪರಿಚಯವೇ ಇರುವುದಿಲ್ಲ. ಪಿಸಿ ಶುರುವೇ ಆಗುವುದಿಲ್ಲ. ಈ ಗುಂಡಿ ಇದ್ದರೆ ಪೆನ್‌ಡ್ರೈವ್ ಚುಚ್ಚಿ, ಪ್ರೊಸೆಸರ್ ಇಲ್ಲದೆಯೂ ಬಯಾಸ್ ಬದಲಿಸಬಹುದು.

ಅಳತೆ: ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ-ಎಟಿಎಕ್ಸ್ ಹೆಚ್ಚೆಂದರೆ 244×244, ಮಿನಿ-ಐಟಿಎಕ್ಸ್ 170×170. ಮೊದಲ ಸಲಕ್ಕೆ ಮಿನಿ ಬೇಡ. ಚಂದ ಕಾಣುತ್ತದೆ, ಆದರೆ ಕೈಬೆರಳು ಹೋಗದ ಜಾಗದಲ್ಲಿ ವೈರ್ ಸಿಕ್ಕಿಸುವುದು ಮೊದಲ ಪಾಠ ಆಗಬಾರದು.

5. ರ‍್ಯಾಮ್

16 ಜಿಬಿ ಸಾಕಾಗುತ್ತದೆ, 32 ಆದರೆ ನೆಮ್ಮದಿ. ಎರಡು ಕಡ್ಡಿ ಒಟ್ಟಿಗೆ ಬರುವ ಕಿಟ್ ತಗೊಳ್ಳಿ. ಒಂದೇ ಕಡ್ಡಿ ಹಾಕಿದರೆ ಮೆಮೊರಿಯ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ. "ಈಗ ಒಂದು, ಮುಂದೆ ಇನ್ನೊಂದು" ಅನ್ನುವವರಿಗೆ ಅದೇ ಜೋಡಿ ಆಮೇಲೆ ಸಿಗುವುದು ಅಪರೂಪ. ಡಿಡಿಆರ್5ನಲ್ಲಿ ನಾಲ್ಕು ಕಡ್ಡಿ ತುಂಬಿದರೆ ವೇಗ ಇಳಿಸಬೇಕಾಗುವುದೇ ಹೆಚ್ಚು.

ವೇಗದ ಪಕ್ಕ ಇರುವ ಸಿಎಲ್ ಸಂಖ್ಯೆಯನ್ನೂ ನೋಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಮೊದಲ ಉತ್ತರಕ್ಕೆ ಎಷ್ಟು ನ್ಯಾನೋಸೆಕೆಂಡ್ ಕಾಯಬೇಕು ಎಂದು ಸಿಗುತ್ತದೆ. ಡಿಡಿಆರ್5-6000 ಸಿಎಲ್30 ಅಂದರೆ 10. ಅದೇ 6000, ಸಿಎಲ್40 ಅಂದರೆ 13.3. ತಮಾಷೆ ಅಂದರೆ ಹಳೆಯ ಡಿಡಿಆರ್4-3200 ಸಿಎಲ್16 ಕೂಡ 10. ಎಎಂ5ಗೆ 6000 ಸಿಎಲ್30 ಹೇಳಿ ಮಾಡಿಸಿದ ಜೋಡಿ.

ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ ಬರೆದ ವೇಗ ತಾನಾಗಿ ಬರುವುದಿಲ್ಲ. ಬಯಾಸ್ ಒಳಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಆನ್ ಮಾಡಬೇಕು. ನನ್ನ ಗೆಳೆಯನೊಬ್ಬ 3200ರ ರ‍್ಯಾಮನ್ನು 2133ರಲ್ಲಿ ಒಂದು ವರ್ಷ ಓಡಿಸಿದ. "ಪಿಸಿ ಸ್ವಲ್ಪ ಮಂಕು ಅಲ್ವಾ" ಅಂತ ಆಗಾಗ ಕೇಳುತ್ತಲೇ ಇದ್ದ.

6. ಎಸ್‌ಎಸ್‌ಡಿ

ಇಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. 1 ಟಿಬಿ ಎನ್‌ವಿಎಂಇ (ವೇಗದ ಬಗೆ), ಎಂ.2 ಆಕಾರ, ಜೆನ್ 3 ಅಥವಾ ಜೆನ್ 4 ಪೀಳಿಗೆ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಜೆನ್ 3 ಸುಮಾರು 3500, ಜೆನ್ 4 ಸುಮಾರು 7000. ಆಟ ತೆರೆದುಕೊಳ್ಳುವ ಹೊತ್ತಿನಲ್ಲಿ ಇವುಗಳ ನಡುವಿನ ವ್ಯತ್ಯಾಸ ಈ ಸಂಖ್ಯೆಗಳಷ್ಟು ದೊಡ್ಡದಾಗಿರುವುದಿಲ್ಲ. ಜೆನ್ 5 ಈಗ ಬೇಡ, ಬಿಸಿಯೂ ಜಾಸ್ತಿ. ಒಂದೇ ಎಚ್ಚರಿಕೆ: ಎಂ.2 ಅನ್ನುವುದು ಆಕಾರದ ಹೆಸರು. ಅದೇ ಆಕಾರದಲ್ಲಿ ನಿಧಾನದ ಸಾಟಾ ಕೂಡ ಬರುತ್ತದೆ. ದೊಡ್ಡ ಆಟ ಒಂದೊಂದೂ 100 ಜಿಬಿ ದಾಟುತ್ತಿರುವಾಗ 500 ಜಿಬಿ ತಗೊಳ್ಳಬೇಡಿ.

7. ಎಸ್‌ಎಂಪಿಎಸ್

ಪಿಸಿಯ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಡಬ್ಬಿ ಇದು. ದುಡ್ಡು ಮುಗಿಯುತ್ತ ಬಂದಾಗ ಎಲ್ಲರ ಕತ್ತರಿ ಬೀಳುವುದು ಇದರ ಮೇಲೆ. ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಕಳಪೆ ಎಸ್‌ಎಂಪಿಎಸ್ ಹೋಗುವಾಗ ಉಳಿದವರನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಎಷ್ಟು ವ್ಯಾಟ್ ಬೇಕು? ಒಂದು ಉದಾಹರಣೆ ಹಾಕಿ ನೋಡೋಣ. 27 ಇಂಚಿನ 1440ಪಿ ಪರದೆ, ಅದಕ್ಕೆ 16 ಜಿಬಿಯ ರೇಡಿಯಾನ್ ಆರ್‌ಎಕ್ಸ್ 7800 ಎಕ್ಸ್‌ಟಿ, ಜೊತೆಗೆ ರೈಜೆನ್ 5 7600. ಕಾರ್ಡ್‌ಗೆ 263 ವ್ಯಾಟ್. ಪ್ರೊಸೆಸರ್ ಪೆಟ್ಟಿಗೆಯ ಮೇಲೆ 65 ಅಂತಿದ್ದರೂ ಹೊರೆ ಬಿದ್ದಾಗ 88ರವರೆಗೆ ಎಳೆಯುತ್ತದೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 60 ಇಟ್ಟುಕೊಳ್ಳಿ. ಒಟ್ಟು 411. ಹಾಗಾದರೆ 450 ಸಾಕಲ್ವಾ? ಸಾಲದು. ಕಾರ್ಡ್‌ಗಳು ಕೆಲವು ಮಿಲಿಸೆಕೆಂಡ್‌ಗಳ ಮಟ್ಟಿಗೆ ತಮ್ಮ ಲೆಕ್ಕಕ್ಕಿಂತ ತುಂಬಾ ಮೇಲೆ ಜಿಗಿಯುತ್ತವೆ. ಆ ಜಿಗಿತ ತಡೆಯದ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಆಟದ ಮಧ್ಯೆ ಪಿಸಿ ಠಪ್ ಅಂತ ಆರಿಹೋಗುವುದು ಹೀಗೆ. ಈ ಕಾರ್ಡ್‌ಗೆ ಎಎಂಡಿ ಸೂಚಿಸುವುದು 700 ವ್ಯಾಟ್. ನಾನಾದರೆ ಒಳ್ಳೆಯ 750 ತಗೊಳ್ಳುತ್ತೇನೆ, ಮುಂದಿನ ಕಾರ್ಡ್‌ಗೂ ಅದೇ ನಡೆಯುತ್ತದೆ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ಗುಣಮಟ್ಟದ ಪದಕವಲ್ಲ, ಎಷ್ಟು ವಿದ್ಯುತ್ ಪೋಲಾಗುತ್ತದೆ ಎಂಬ ಅಳತೆ. ಪಿಸಿಗೆ 400 ವ್ಯಾಟ್ ಬೇಕಿದ್ದಾಗ 90% ದಕ್ಷತೆಯದ್ದು ಗೋಡೆಯಿಂದ ಸುಮಾರು 444 ಎಳೆದರೆ, 85%ದ್ದು ಸುಮಾರು 470 ಎಳೆಯುತ್ತದೆ. ಉಳಿದದ್ದು ಶಾಖ. ಗುಣಮಟ್ಟ ತಿಳಿಯಬೇಕಾದರೆ ಒಳಗೆ ಬಿಚ್ಚಿ ನೋಡಿದ ವಿಮರ್ಶೆ ಓದಿ. ವಾರಂಟಿ ಎಷ್ಟು ವರ್ಷ ಎಂಬುದೂ ಒಂದು ಸುಳಿವು. 7 ಅಥವಾ 10 ವರ್ಷ ಕೊಡುವವರು ಸುಮ್ನೆ ಕೊಡುವುದಿಲ್ಲ.

ವೈರ್ ಬಗ್ಗೆ ಮೂರು ಮಾತು. ಬಿಚ್ಚಿ ಹಾಕುವ ಮಾಡ್ಯುಲರ್ ಕೇಬಲ್‌ಗಳನ್ನು ಒಂದು ಎಸ್‌ಎಂಪಿಎಸ್‌ನಿಂದ ಇನ್ನೊಂದಕ್ಕೆ ಎಂದೂ ಹಾಕಬೇಡಿ. ತುದಿ ಸರಿಯಾಗಿ ಕೂರುತ್ತದೆ, ಆದರೆ ಒಳಗಿನ ಪಿನ್‌ಗಳ ಜೋಡಣೆ ಬೇರೆ ಇರುತ್ತದೆ. ಸ್ವಿಚ್ ಹಾಕಿದೊಡನೆ ಡ್ರೈವ್ ಸುಟ್ಟುಹೋಗಬಹುದು. ಕಾರ್ಡ್‌ಗೆ ಎರಡು ಸಾಕೆಟ್ ಇದ್ದರೆ ಎರಡು ಬೇರೆ ಬೇರೆ ಕೇಬಲ್ ಹಾಕಿ. ಹೊಸ ಕಾರ್ಡ್‌ಗಳ ಸಣ್ಣ 16 ಪಿನ್ ತುದಿಯಾದರೆ ಸಂದು ಕಾಣದ ಹಾಗೆ ಪೂರ್ತಿ ಒತ್ತಿ, ತುದಿಯ ಹತ್ತಿರವೇ ಬಗ್ಗಿಸಬೇಡಿ. ಅರ್ಧ ಕೂತ ತುದಿಗಳು ಬಿಸಿಯಾಗಿ ಕರಗಿವೆ. ಸೆಕೆಂಡ್‌ಹ್ಯಾಂಡ್ ಎಸ್‌ಎಂಪಿಎಸ್? ಬೇಡ.

8. ಕೂಲರ್ ಮತ್ತು ಕ್ಯಾಬಿನೆಟ್

6 ಅಥವಾ 8 ಕೋರ್‌ಗೆ ಒಂದು ಒಳ್ಳೆಯ ಟವರ್ ಏರ್ ಕೂಲರ್ ಧಾರಾಳ. ಅದರಲ್ಲಿ ಕೆಡುವುದು ಫ್ಯಾನ್ ಒಂದೇ. ನೀರಿನ ಕೂಲರ್ ಚಂದ, ಆದರೆ ಪಂಪ್‌ಗೆ ಆಯಸ್ಸಿದೆ. ರೈಜೆನ್ 7000 ಸಾಲಿನ ದೊಡ್ಡ ಚಿಪ್‌ಗಳು ಪೂರ್ತಿ ಹೊರೆಯಲ್ಲಿ 95 ಡಿಗ್ರಿ ಮುಟ್ಟುವ ಹಾಗೆಯೇ ಮಾಡಿದವು, ಅದನ್ನು ನೋಡಿ ಗಾಬರಿ ಬೀಳಬೇಡಿ.

ಕ್ಯಾಬಿನೆಟ್‌ನ ಮುಂಭಾಗ ಜಾಲರಿ ಇರಲಿ. ಮುಂದೆ ಗಾಜು ಮುಚ್ಚಿದ್ದು ಫೋಟೊದಲ್ಲಿ ಚೆನ್ನಾಗಿರುತ್ತದೆ, ಆದರೆ ಗಾಳಿ ಒಳಗೆ ಬರುವುದು ಎಲ್ಲಿಂದ? ಮುಂದಿನಿಂದ ಎರಡು ಫ್ಯಾನ್ ಒಳಗೆ, ಹಿಂದಿನಿಂದ ಒಂದು ಹೊರಗೆ, ಅಷ್ಟು ಸಾಕು. ಮುಂಭಾಗದಲ್ಲಿ ನೀರಿನ ಕೂಲರ್‌ನ ರೇಡಿಯೇಟರ್ ಹಾಕುವ ಯೋಚನೆ ಇದ್ದರೆ ಕಾರ್ಡ್‌ನ ಉದ್ದಕ್ಕೆ ಉಳಿಯುವ ಜಾಗದಲ್ಲಿ ಅದರ ದಪ್ಪ, ಫ್ಯಾನ್‌ನ ದಪ್ಪ ಎರಡನ್ನೂ ಕಳೆಯಿರಿ.

ಆರ್ಡರ್ ಒತ್ತುವ ಮುಂಚೆ

ಆ ಹಾಳೆ ಮತ್ತೆ ತೆಗೆಯಿರಿ. ಜೋಡಿ ಜೋಡಿಯಾಗಿ ಬರೆಯಿರಿ, ಎಡಕ್ಕೆ ಒಂದರ ಸಂಖ್ಯೆ, ಬಲಕ್ಕೆ ಇನ್ನೊಂದರದ್ದು:

- ಕೂಲರ್ ಎತ್ತರ, ಕ್ಯಾಬಿನೆಟ್ ಕೊಡುವ ಎತ್ತರ
- ಕಾರ್ಡ್ ಉದ್ದ ಮತ್ತು ದಪ್ಪ, ಕ್ಯಾಬಿನೆಟ್‌ನಲ್ಲಿರುವ ಜಾಗ
- ಪ್ರೊಸೆಸರ್, ಬೋರ್ಡ್‌ನ ಸಾಕೆಟ್ ಮತ್ತು ಬಯಾಸ್ ಆವೃತ್ತಿ
- ರ‍್ಯಾಮ್‌ನ ಬಗೆ, ಬೋರ್ಡ್ ಒಪ್ಪುವ ಬಗೆ
- ಕಾರ್ಡ್‌ನ ಪವರ್ ಸಾಕೆಟ್‌ಗಳು, ಎಸ್‌ಎಂಪಿಎಸ್ ಜೊತೆ ಬರುವ ಕೇಬಲ್‌ಗಳು
- ಕೂಲರ್‌ನ ಅಗಲ, ರ‍್ಯಾಮ್ ಕಡ್ಡಿಯ ಎತ್ತರ

ಕೊನೆಯದನ್ನು ಯಾರೂ ನೋಡುವುದಿಲ್ಲ. ದೀಪ ಹೊಳೆಯುವ ಎತ್ತರದ ರ‍್ಯಾಮ್ ತಗೊಂಡು, ಕೂಲರ್‌ನ ಫ್ಯಾನ್ ಅದರ ಮೇಲೆ ಕೂರದೆ, ಫ್ಯಾನನ್ನು ಮೇಲೆತ್ತಿ ಸಿಕ್ಕಿಸಿ, ಆಮೇಲೆ ಬಾಗಿಲು ಮುಚ್ಚದೆ ಒದ್ದಾಡುತ್ತಾರೆ. ಸಂಖ್ಯೆಗಳನ್ನು ಮಾರುವವರ ಪುಟದಿಂದಲ್ಲ, ತಯಾರಕರ ಪುಟದಿಂದ ತೆಗೆಯಿರಿ.

ಎಲ್ಲ ಭಾಗಗಳನ್ನೂ ಒಂದೇ ವಾರದಲ್ಲಿ ತರಿಸಿ. ಒಂದನ್ನು ಈಗ, ಇನ್ನೊಂದನ್ನು ಮೂರು ತಿಂಗಳ ಮೇಲೆ ತಗೊಂಡರೆ, ಮೊದಲು ಬಂದದ್ದು ಕೆಟ್ಟಿತ್ತು ಎಂದು ತಿಳಿಯುವಷ್ಟರಲ್ಲಿ ವಾಪಸ್ ಕೊಡುವ ದಿನ ದಾಟಿರುತ್ತದೆ.

ಕಟ್ಟುವುದು ಬೇರೆಯದೇ ದೊಡ್ಡ ಕತೆ. ಆದರೆ ಆರಿಸಿದ ಭಾಗಗಳ ಫಲ ಸಿಗಬೇಕಾದರೆ ನಾಲ್ಕು ಸಣ್ಣ ವಿಷಯ ಈಗಲೇ ತಿಳಿದಿರಲಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿ. ಎರಡು ರ‍್ಯಾಮ್ ಕಡ್ಡಿಯನ್ನು ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ, ನಾಲ್ಕನೆಯ ಜಾಗಕ್ಕೆ ಹಾಕಬೇಕು, ಬೋರ್ಡ್‌ನ ಪುಸ್ತಕ ನೋಡಿ. ಎಎಂ5 ಆದರೆ ಮೊದಲ ಸಲ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿರುತ್ತದೆ. ರ‍್ಯಾಮ್ ಜೊತೆ ಹೊಂದಿಕೊಳ್ಳುವ ಆ ಕೆಲಸಕ್ಕೆ ಕೆಲವು ನಿಮಿಷ ಹಿಡಿಯಬಹುದು. ಎದೆ ಹೊಡೆದುಕೊಂಡರೂ ಸ್ವಿಚ್ ಮುಟ್ಟದೆ ಕಾಯಿರಿ.

ನಾಲ್ಕನೆಯದು ಮತ್ತೆ ಪರದೆಯದ್ದೇ. ಅದರ ಕೇಬಲ್ ಮದರ್‌ಬೋರ್ಡ್‌ಗಲ್ಲ, ಕೆಳಗಿರುವ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಬೇಕು. ವಿಂಡೋಸ್ ಬಂದು, ಡ್ರೈವರ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಸ್ ಮಾನಿಟರ್‌ಗೂ ಅಲ್ಲಿ 60 ಅಂತಲೇ ಇರುವುದು ಎಷ್ಟೋ ಸಲ. ಬದಲಿಸಿ, ಆಮೇಲೆ ಮೌಸ್ ಅಲ್ಲಾಡಿಸಿ ನೋಡಿ.